ಒಂದು ಈರುಳ್ಳಿ, ಮೂರು ಶಾಸ್ತ್ರಗಳು

ಮಳೆಗಾಲ ಮುಗಿಯುತ್ತ ಬಂದಾಗ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಹೋದವರಿಗೆ ಹೊಲಗಳಲ್ಲಿ ಈರುಳ್ಳಿಯ ರಾಶಿಗಳು ಕಾಣುವುವು. ಆ ಸೀಮೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ನನ್ನನ್ನು ಕೇಳಿದನು: “ಸಾರ್, ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನಶಾಸ್ತ್ರ, ಕೋಶವಿಜ್ಞಾನ, ಅಂಗಕ್ರಿಯಾಶಾಸ್ತ್ರ ಈ ಮೂರನ್ನೂ ಒಟ್ಟಿಗೆ ಓದುವುದು ಹೊರೆಯಲ್ಲವೇ? ಒಂದನ್ನು ಚೆನ್ನಾಗಿ ಓದಿದರೆ ಸಾಲದೇ?”

ನಾನು ಭೌತಶಾಸ್ತ್ರದ ಅಧ್ಯಾಪಕ. ಆದರೂ ಉತ್ತರವನ್ನು ಅವನ ಹೊಲದಲ್ಲಿಯೇ ಹುಡುಕೋಣವೆಂದೆ. ಈರುಳ್ಳಿಯನ್ನು ಹೆಚ್ಚುವಾಗ ಕಣ್ಣೀರು ಬರುವುದೇಕೆ?

ಇಡೀ ಗಡ್ಡೆಯನ್ನು ಕೈಯಲ್ಲಿ ಹಿಡಿದರೆ ಕಣ್ಣು ಉರಿಯುವುದಿಲ್ಲ. ಕಾರಣವನ್ನು ಹೇಳುವುದು ಕೋಶವಿಜ್ಞಾನ. ಈರುಳ್ಳಿಯ ಒಳಪೊರೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಇಟ್ಟಿಗೆಗಳಂತೆ ಜೋಡಿಸಿದ ಕೋಶಗಳು ತೋರುತ್ತವೆ. ಕೋಶದ ನಡುವಣ ರಸದಾನಿಯಲ್ಲಿ ಅಲೈನೇಸ್ ಎಂಬ ಕಿಣ್ವವಿದೆ. ಅದು ಒಡೆಯಬೇಕಾದ ಗಂಧಕಯುಕ್ತ ವಸ್ತುವಾದರೋ ಹೊರಗಿನ ಕೋಶದ್ರವ್ಯದಲ್ಲಿದೆ. ಎರಡರ ನಡುವೆ ತೆಳುವಾದ ಪೊರೆಯೊಂದು ಗೋಡೆಯಾಗಿ ನಿಂತಿದೆ. ಈಳಿಗೆಯು ಆ ಗೋಡೆಯನ್ನು ಕೆಡಹುತ್ತದೆ.

ಮುಂದಿನ ಕಥೆ ಜೀವರಸಾಯನಶಾಸ್ತ್ರದ್ದು. ಅಲೈನೇಸ್ ಒಂದೇ ಸಾಕು, ಉಳಿದುದು ತಾನಾಗಿಯೇ ನಡೆಯುವುದೆಂದು ಬಹುಕಾಲ ನಂಬಲಾಗಿತ್ತು. ಎರಡನೆಯ ಕಿಣ್ವವೊಂದು ಇಲ್ಲದಿದ್ದರೆ ಕಣ್ಣೀರು ತರಿಸುವ ವಸ್ತುವು ಹುಟ್ಟದೆಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿಕೊಟ್ಟರು. ಹೀಗೆ ಹುಟ್ಟಿದ ವಸ್ತುವು ಬೇಗನೆ ಆವಿಯಾಗಿ ಗಾಳಿಯಲ್ಲಿ ಹರಡುತ್ತದೆ.

ಆದರೆ ಆವಿಯೇ ಕಣ್ಣೀರಲ್ಲ! ಅದು ಕಣ್ಣಿನ ಮೇಲಣ ತೇವದಲ್ಲಿ ಕರಗಿ ಕಾರ್ನಿಯದ ನರಾಗ್ರಗಳನ್ನು ಕೆಣಕುತ್ತದೆ. ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಅಲ್ಲಿಂದ ಬಂದ ಆಜ್ಞೆಯಂತೆ ಗ್ರಂಥಿಯು ನೀರು ಸುರಿಸಿ ಕಣ್ಣನ್ನು ತೊಳೆಯುತ್ತದೆ. ಇದು ಅಂಗಕ್ರಿಯಾಶಾಸ್ತ್ರದ ವಿಷಯ.

ಈಗ ಅಡುಗೆಮನೆಯ ಉಪಾಯಗಳನ್ನು ಪರೀಕ್ಷಿಸಿರಿ. ಹರಿತವಾದ ಈಳಿಗೆಯಿಂದ ಉರಿ ಕಡಿಮೆಯೇಕೆ? ಜಜ್ಜಿಹೋಗುವ ಕೋಶಗಳು ಕಡಿಮೆ. ತಣ್ಣಗಾದ ಈರುಳ್ಳಿ ಸೌಮ್ಯವೇಕೆ? ಶೈತ್ಯದಲ್ಲಿ ಕಿಣ್ವದ ವೇಗವೂ ಆವಿಯಾಗುವ ವೇಗವೂ ಕುಗ್ಗುತ್ತವೆ. ಒಂದು ಶಾಸ್ತ್ರವನ್ನು ಬಿಟ್ಟರೂ ವಿವರಣೆಯ ಸರಪಣಿ ತುಂಡಾಗುವುದು.

ಇದು ಬರಿಯ ವಿನೋದವೆಂದು ತಿಳಿಯಬೇಡಿ. ಕಿತ್ತ ಗಡ್ಡೆಯೂ ಉಸಿರಾಡುವ ಜೀವಿಯೇ. ಮಳೆಯಲ್ಲಿ ನೆನೆದ ಗಡ್ಡೆಗಳನ್ನು ಒಣಗಿಸದೆ ರಾಶಿ ಹಾಕಿದರೆ ಶಾಖವೂ ತೇವವೂ ಒಳಗೇ ನಿಂತು ಶಿಲೀಂಧ್ರಗಳಿಗೆ ಹಬ್ಬವಾಗುತ್ತದೆ; ರೈತನ ವರ್ಷದ ದುಡಿಮೆ ಕೊಳೆತುಹೋಗುತ್ತದೆ. ಗಡ್ಡೆಯ ಉಸಿರಾಟ, ಸುಪ್ತಾವಸ್ಥೆ ಕಳೆದೊಡನೆ ಮೊಳಕೆಯಲ್ಲಾಗುವ ಕೋಶವಿಭಜನೆ, ಅದನ್ನು ನಿಯಂತ್ರಿಸುವ ರಸಾಯನಿಕಗಳು—ಇವನ್ನು ಒಟ್ಟಿಗೆ ಅರಿಯದೆ ಅದನ್ನು ಕಾಪಾಡುವ ಬಗೆ ಹೇಗೆ?

ಆ ಸೀಮೆಗೆ ಸಮೀಪದ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಜೀವರಸಾಯನಶಾಸ್ತ್ರದ ವಿಭಾಗವಿದೆ. ಅಲ್ಲಿಗಾಗಲಿ ಬೇರೆಡೆಗಾಗಲಿ ಹೋಗುವ ವಿದ್ಯಾರ್ಥಿಗೆ ನನ್ನ ಮಾತು ಇಷ್ಟೇ: ಪಠ್ಯಪುಸ್ತಕಗಳು ಮೂರಾಗಿರಬಹುದು, ಪರೀಕ್ಷೆಗಳೂ ಮೂರಾಗಿರಬಹುದು, ಓದುತ್ತಿರುವ ಜೀವಿ ಮಾತ್ರ ಒಂದೇ.

“ಹಾಗಾದರೆ ಸಾರ್, ಗಾಳಿಯಲ್ಲಿ ಆವಿ ಹರಡುವುದು?” ಎಂದನು ಆ ಹುಡುಗ. ಅದು ನನ್ನ ಶಾಸ್ತ್ರ. ಅದನ್ನೂ ಬಿಡುವಂತಿಲ್ಲ!