ಸರಾಸರಿ ಒಂದೇ, ಸರಕು ಬೇರೆ
ಅಮೆರಿಕದ ಗುಂಡು ತಯಾರಿಕೆಯಲ್ಲಿ ಏಕರೂಪತೆಯ ಬೆಲೆ

ತಾಮ್ರ ಮತ್ತು ಸೀಸ ಪೇಟೆಯಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗುವ ಲೋಹಗಳು. ಆದರೆ ಇವೇ ಲೋಹಗಳಿಂದ ಸಿದ್ಧವಾಗುವ ರೈಫಲ್ ಗುಂಡುಗಳ ಪೈಕಿ 'ಮ್ಯಾಚ್' ಎಂಬ ಸ್ಪರ್ಧಾ ದರ್ಜೆಯವು ಅಮೆರಿಕದಲ್ಲಿ ಸಾಮಾನ್ಯ ಗುಂಡುಗಳಿಗಿಂತ ಹೆಚ್ಚಿನ ಬೆಲೆ ಪಡೆಯುತ್ತವೆ. ಈ ಹೆಚ್ಚುವರಿ ಬೆಲೆ ಸಲ್ಲುವುದು ಲೋಹಕ್ಕಲ್ಲ, ಏಕರೂಪತೆಗೆ.

ಕೊರತೆಯಲ್ಲಿ ಬೆಳೆದ ಉದ್ಯಮ

ಬಳಸಿದ ಹಿತ್ತಾಳೆ ತೋಟಾಗಳಿಗೆ ಹೊಸ ಗುಂಡು, ಮದ್ದುಗಳನ್ನು ತಾವೇ ಅಳವಡಿಸಿಕೊಳ್ಳುವ 'ಹ್ಯಾಂಡ್‌ಲೋಡಿಂಗ್' ಅಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಂಡುಗಳ ಅಭಾವ ತಲೆದೋರಿದಾಗ, ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಬಳಸಿ ಬಿಸುಟ .22 ತೋಟಾಗಳನ್ನೇ ಗುಂಡಿನ ಹೊದಿಕೆಯಾಗಿಸುವ ಡೈಗಳನ್ನು ರೂಪಿಸಿದರು. ಆರ್‌ಸಿಬಿಎಸ್ ಸಂಸ್ಥೆ ಹುಟ್ಟಿದ್ದು ಹೀಗೆ. 1949ರಲ್ಲಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಜಾಯ್ಸ್ ಹಾರ್ನಡಿ ಗುಂಡು ತಯಾರಿಕೆ ಆರಂಭಿಸಿದರು. ಹತ್ತು ಗುಂಡುಗಳೂ ಒಂದೇ ರಂಧ್ರದಲ್ಲಿ ಹಾಯಬೇಕೆಂಬುದು ಅವರ ಧ್ಯೇಯವಾಗಿತ್ತು.

ಸರಾಸರಿ ಮರೆಮಾಚುವ ಸತ್ಯ

ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯಲಾಗುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ. ಉದಾಹರಣೆಗೆ, ಒಂದು ಪೆಟ್ಟಿಗೆಯಿಂದ ತೆಗೆದ ಐದು ಗುಂಡುಗಳು 167.9, 168, 168, 168 ಮತ್ತು 168.1 ಗ್ರೇನ್ ತೂಗುತ್ತವೆ ಎನ್ನೋಣ. ಇನ್ನೊಂದರವು 166.5, 167.5, 168, 168.5 ಮತ್ತು 169.5. ಎರಡರ ಸರಾಸರಿಯೂ 168. ಆದರೆ ಕನಿಷ್ಠ ಮತ್ತು ಗರಿಷ್ಠ ತೂಕಗಳ ಅಂತರ ಮೊದಲನೆಯದರಲ್ಲಿ 0.2 ಗ್ರೇನ್ ಆದರೆ, ಎರಡನೆಯದರಲ್ಲಿ 3 ಗ್ರೇನ್. ಸರಾಸರಿಯನ್ನಷ್ಟೇ ನೋಡುವ ತಯಾರಕನಿಗೆ ಈ ಭೇದ ಕಾಣಿಸದು, ಗ್ರಾಹಕನಿಗೆ ಕಾಣಿಸುತ್ತದೆ.

ತಕ್ಕಡಿಗೆ ಸಿಗದ ದೋಷ

ಆದರೂ ತೂಕವೊಂದೇ ಮಾನದಂಡವಲ್ಲ. ತಾಮ್ರ ಮಿಶ್ರಲೋಹದ ಹಾಳೆಯನ್ನು ಪ್ರೆಸ್‌ನಲ್ಲಿ ಬಟ್ಟಲಿನಂತೆ ಎಳೆದು ಹೊದಿಕೆ ತಯಾರಿಸಿ, ಒಳಗೆ ಸೀಸವನ್ನು ಒತ್ತಲಾಗುತ್ತದೆ. ಹೊದಿಕೆಯ ಒಂದು ಪಾರ್ಶ್ವ ತುಸು ದಪ್ಪವಾದರೂ ಗುಂಡಿನ ಭಾರದ ಕೇಂದ್ರ ಅಕ್ಷದಿಂದ ಸರಿಯುತ್ತದೆ. ಹತ್ತು ಅಂಗುಲಕ್ಕೊಂದು ಸುತ್ತು ತಿರುಗಿಸುವ ನಳಿಕೆಯಿಂದ ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಬೀಳುವ ಗುಂಡು ನಿಮಿಷಕ್ಕೆ ಸುಮಾರು 1,94,000 ಸುತ್ತು ತಿರುಗುತ್ತಿರುತ್ತದೆ. ಆ ವೇಗದಲ್ಲಿ ಅತ್ಯಲ್ಪ ಅಸಮತೋಲನವೂ ಗುಂಡನ್ನು ಪಕ್ಕಕ್ಕೆ ಎಸೆಯುತ್ತದೆ. ಆದ್ದರಿಂದಲೇ ಉತ್ತಮ ಮ್ಯಾಚ್ ಹೊದಿಕೆಗಳಲ್ಲಿ ದಪ್ಪದ ವ್ಯತ್ಯಾಸವನ್ನು ಅಂಗುಲದ ಹತ್ತು ಸಾವಿರದಲ್ಲಿ ಮೂರು ಭಾಗದಷ್ಟಕ್ಕೆ ಸೀಮಿತಗೊಳಿಸಲಾಗುತ್ತದೆ. ತಕ್ಕಡಿ ಈ ದೋಷವನ್ನು ಹಿಡಿಯಲಾರದು. ತೂಗುವುದು ಸುಲಭವೆಂಬ ಕಾರಣಕ್ಕೆ ತೂಕವನ್ನೇ ಗುಣಮಟ್ಟವೆಂದು ಭಾವಿಸುವುದು ತಪ್ಪು ಲೆಕ್ಕ.

ಬೇರೆ ಬೇರೆ ಡೈಗಳಿಂದ ಬಂದ ಗುಂಡುಗಳ ಮೂಗಿನ ಬಾಗಿನಲ್ಲೂ ಸೂಕ್ಷ್ಮ ವ್ಯತ್ಯಾಸವಿರಬಹುದು. ಈ ಕಾರಣದಿಂದ ಜಾಗರೂಕ ಗ್ರಾಹಕರು ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ನೋಡಿ ಖರೀದಿಸುತ್ತಾರೆ. ಎರಡು ಲಾಟ್‌ಗಳನ್ನು ಬೆರೆಸುವುದಿಲ್ಲ. ಕೇವಲ ಮೂರು ಗುಂಡುಗಳು ಒತ್ತಾಗಿ ಬಿದ್ದ ಮಾತ್ರಕ್ಕೆ ಇಡೀ ಲಾಟ್ ಉತ್ತಮವೆಂದು ಅನುಭವಿಗಳು ತೀರ್ಮಾನಿಸುವುದೂ ಇಲ್ಲ. ಸಣ್ಣ ಮಾದರಿ ಬಹುಬೇಗ ಮೋಸ ಮಾಡುತ್ತದೆ.

ನಮ್ಮ ಉದ್ಯಮಿಗಳಿಗೆ

ಭಾರತದಲ್ಲಿ ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ವಯ ಪರವಾನಗಿ ಕಡ್ಡಾಯ. ಆದುದರಿಂದ ಇಲ್ಲಿ ಗ್ರಹಿಸಬೇಕಾದುದು ಆ ಸರಕನ್ನಲ್ಲ, ಅದರ ಹಿಂದಿನ ಶಿಸ್ತನ್ನು. ಪ್ರೆಸ್ ಬಿಡಿಭಾಗ, ಬೇರಿಂಗ್, ಬುಷ್ ತಯಾರಿಸುವ ಸಣ್ಣ ಘಟಕಗಳಿಗೂ ಇದು ಅನ್ವಯಿಸುತ್ತದೆ. ಪ್ರತಿ ಡೈಯ ಉತ್ಪನ್ನವನ್ನು ಪ್ರತ್ಯೇಕವಾಗಿ ಗುರುತಿಸಿ ಇಡಬೇಕು. ಸರಾಸರಿಯೊಡನೆ ಅಂತರವನ್ನೂ ದಾಖಲಿಸಬೇಕು. ತಪಾಸಣೆಯ ವೆಚ್ಚ ಹಾಗೂ ತಿರಸ್ಕೃತ ಮಾಲಿನ ನಷ್ಟವನ್ನು ಉತ್ಪಾದನಾ ವೆಚ್ಚದಲ್ಲಿ ಸೇರಿಸಿ ಬೆಲೆ ನಿಗದಿಪಡಿಸಬೇಕು. ಹಾಗೆ ಮಾಡದೆ ಏಕರೂಪತೆಯ ಭರವಸೆ ನೀಡಿದವನು ಪ್ರತಿ ಆರ್ಡರ್‌ನಲ್ಲೂ ತನ್ನ ಲಾಭಾಂಶವನ್ನೇ ಕರಗಿಸಿಕೊಳ್ಳುತ್ತಾನೆ. ಸರಿಯಾಗಿ ಲೆಕ್ಕ ಹಾಕಿದವನಿಗೆ ಮಾತ್ರ ಅದೇ ಏಕರೂಪತೆ ಹೆಚ್ಚಿನ ದರವನ್ನೂ ಮರಳಿ ಬರುವ ಗ್ರಾಹಕನನ್ನೂ ತಂದುಕೊಡುತ್ತದೆ.