ಹೊಸ್ತಿಲು, ಮೆಟ್ಟಿಲು, ಒಲೆಕಟ್ಟೆ: ವಾಸಗೃಹದ ತೊಡಕುಗಳ ಚಾರಿತ್ರಿಕ ವಿವೇಚನೆ

೧

ಕೋಟೆ, ಅರಮನೆ, ದೇವಾಲಯಗಳ ನಿರ್ಮಾಣವನ್ನು ಕುರಿತು ನಮ್ಮಲ್ಲಿ ವಿಪುಲವಾದ ಬರೆಹಗಳಿವೆ. ಜನಸಾಮಾನ್ಯರು ಹುಟ್ಟಿ ಬೆಳೆದು ಬಾಳುವೆ ನಡೆಸುವ ವಾಸಗೃಹದ ವಿಚಾರವಾಗಿ ನಡೆದಿರುವ ವ್ಯಾಸಂಗ ಅದಕ್ಕಿಂತ ಕಡಮೆ. ನಡೆದಿರುವಲ್ಲಿಯೂ ತೊಟ್ಟಿಯ ಸೊಬಗು, ಕಂಬಗಳ ಕೆತ್ತನೆ, ಜಗಲಿಯ ವಿಸ್ತಾರ ಮೊದಲಾದುವುಗಳ ವರ್ಣನೆಯೇ ಪ್ರಧಾನವಾಗಿರುವುದು ವಾಡಿಕೆ. ಆ ಮನೆಯಲ್ಲಿ ಯಾರು ಎಲ್ಲಿ ಎಡವಿದರು, ಯಾರ ಹಣೆ ಯಾವ ಬಾಗಿಲಿಗೆ ತಗುಲಿತು, ಯಾರ ಬೆನ್ನು ಯಾವ ಕೆಲಸದಿಂದ ನೊಂದಿತು ಎಂಬ ವಿಷಯ ಬರೆಹಕ್ಕೆ ಬರುವುದು ಅಪೂರ್ವ.

ಇಂತಹ ತೊಡಕುಗಳು ಅಲ್ಪವಾದುವು, ಅವುಗಳನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದುದಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ದಿನಕ್ಕೆ ಹತ್ತು ಸಲದಂತೆ ನಲವತ್ತು ವರ್ಷ ಪುನರಾವರ್ತನೆಯಾಗುವ ತೊಡಕು ಅಲ್ಪವೆನಿಸಲಾರದು. ಅಲ್ಲದೆ, ಮನೆಯೊಂದರ ಅನನುಕೂಲ ಅಕಸ್ಮಾತ್ತಾಗಿ ಹುಟ್ಟುವುದಿಲ್ಲ. ಒಂದು ಕಾಲದ ಅವಶ್ಯಕತೆ ಕಳೆದ ಮೇಲೂ ಅದರ ರೂಪ ಉಳಿದುಕೊಂಡಾಗ, ಅಥವಾ ಅಳೆಯುವವರು ಬೇರೆ, ಬಳಸುವವರು ಬೇರೆ ಆದಾಗ ಅದು ಹುಟ್ಟುತ್ತದೆ. ಆದ ಕಾರಣ ಎಡವಿಸುವ ಮೆಟ್ಟಿಲೂ ಬೆನ್ನು ನೋಯಿಸುವ ಒಲೆಕಟ್ಟೆಯೂ ಒಂದು ಬಗೆಯ ದಾಖಲೆಗಳೇ. ಮನೆ ಕಟ್ಟುವಾಗ ಯಾರ ದೇಹವನ್ನು ಗಣನೆಗೆ ತೆಗೆದುಕೊಂಡರು, ಯಾರದನ್ನು ಬಿಟ್ಟರು ಎಂಬುದನ್ನು ಅವು ತಿಳಿಸುತ್ತವೆ. ಇದನ್ನು ಕೆಲವು ನಿದರ್ಶನಗಳಿಂದ ವಿಶದಪಡಿಸುವುದು ಈ ಲೇಖನದ ಉದ್ದೇಶ.

೨

ಅಳತೆಯೆಂಬುದು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಭೂಮಿಯನ್ನಳೆಯುವ ಗಳೆಗಳ ಉಲ್ಲೇಖ ಕರ್ನಾಟಕದ ಶಾಸನಗಳಲ್ಲಿ ಪದೇ ಪದೇ ಬರುತ್ತದೆ. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ 'ಭೇರುಂಡ ಗಳೆ' ಎಂಬ ಹೆಸರೇ ಇದೆ. ದತ್ತಿಯ ಹೊಲ, ಗದ್ದೆ, ತೋಟಗಳ ಲೆಕ್ಕವೆಲ್ಲವೂ ಇಂತಹ ಗಳೆಗಳ ಆಧಾರದ ಮೇಲೆ ನಿಂತಿದ್ದಿತು.

ಮನೆಯ ಅಳತೆಗೂ ಶಾಸ್ತ್ರವಿದ್ದಿತು. ೨೪ ಅಂಗುಲಗಳಿಗೆ ಒಂದು ಹಸ್ತವೆಂಬುದು ವಾಸ್ತುಗ್ರಂಥಗಳಲ್ಲಿ ಪ್ರಸಿದ್ಧವಾದ ಮಾನ. ಅಂಗುಲದ ಪ್ರಭೇದಗಳಲ್ಲಿ 'ಮಾತ್ರಾಂಗುಲ'ವೆಂಬುದೊಂದುಂಟು. ಆಚಾರ್ಯನ ಅಥವಾ ಕಟ್ಟಿಸುವ ಯಜಮಾನನ ನಡುಬೆರಳಿನ ನಡುಗೆಣ್ಣನ್ನು ಅನುಸರಿಸಿ ಅದನ್ನು ಗೊತ್ತುಮಾಡುತ್ತಿದ್ದರು. ಅಳತೆಯನ್ನು ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜ, ಸಿಂಹ, ವೃಷಭ, ಗಜ ಮೊದಲಾದ ಆಯಗಳನ್ನು ಕಾಣುವ ಪದ್ಧತಿ ಇಂದಿಗೂ ನಮ್ಮ ಊರುಗಳಲ್ಲಿ ಬಳಕೆಯಲ್ಲಿದೆ. ಮನೆಗೂ ಮನುಷ್ಯದೇಹಕ್ಕೂ ಸಂಬಂಧವಿರಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ. ಆದರೆ ಆ ದೇಹ ಯಜಮಾನನದು. ದಿನದ ಬಹುಭಾಗವನ್ನು ಒಲೆಯ ಮುಂದೆ ಕಳೆಯುವ ಮನೆಯಾಕೆಯ ಮೊಳಕೈ ಆ ಲೆಕ್ಕಕ್ಕೆ ಸೇರಲಿಲ್ಲ.

ಹೊಸ್ತಿಲನ್ನು ಮೊದಲ ನಿದರ್ಶನವಾಗಿ ತೆಗೆದುಕೊಳ್ಳೋಣ. ಹಳೆಯ ಮನೆಯ ಎತ್ತರವಾದ ಹೊಸ್ತಿಲು ಪೂಜೆಗೆ ಮಾತ್ರವಾಗಿ ಇದ್ದುದಲ್ಲ. ಬಾಗಿಲವಾಡದ ಎರಡು ನಿಲುವುಗಳನ್ನು ಅದು ಕೆಳಗಡೆ ಬಿಗಿಯಾಗಿ ಹಿಡಿದಿರುತ್ತಿತ್ತು. ಮಳೆಯ ನೀರನ್ನೂ ಹುಳುಹುಪ್ಪಟೆಯನ್ನೂ ತಡೆಯುತ್ತಿತ್ತು. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಅಂಚಾಗಿತ್ತು. ಈ ಕೆಲಸಗಳೆಲ್ಲಕ್ಕೂ ಅದು ತಕ್ಕುದಾಗಿತ್ತು. ಆದರೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ ತುಂಬಿದ ಕೊಡವನ್ನು ಹೊತ್ತು ದಿನವೂ ಹಲವು ಸಲ ಆ ಹೊಸ್ತಿಲುಗಳನ್ನು ದಾಟುತ್ತಿದ್ದವರಿಗೆ ಅದು ಅಡ್ಡಿಯೂ ಆಗಿದ್ದಿತು. ಇಂದು ನೆಲ ಕಲ್ಲಿನದು, ಬಾಗಿಲವಾಡವನ್ನು ಗೋಡೆಗೆ ಗಾರೆಯಿಂದಲೂ ಮೊಳೆಯಿಂದಲೂ ಬಿಗಿಯುತ್ತಾರೆ. ಒಳಕೋಣೆಗಳ ಹೊಸ್ತಿಲಿಗೆ ಇದ್ದ ಕಾರಣ ಕಳೆದುಹೋಗಿದೆ. ಆದರೂ ಎಷ್ಟೋ ಮನೆಗಳಲ್ಲಿ ಕೋಣೆ ಕೋಣೆಗೂ ಎರಡು ಬೆರಳಿನ ಎತ್ತರದ ಪಟ್ಟಿ ಉಳಿದುಕೊಂಡಿದೆ. ಎತ್ತರವಾದ ಹೊಸ್ತಿಲು ಕಣ್ಣಿಗೆ ಬೀಳುತ್ತದೆ, ಕಾಲು ತಾನಾಗಿ ಏಳುತ್ತದೆ. ಎರಡು ಬೆರಳಿನ ಪಟ್ಟಿ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೆ ಮಾತ್ರ ತಗುಲುತ್ತದೆ. ಕಾಲೆಳೆದು ನಡೆಯುವ ವೃದ್ಧರಿಗೂ ಗಾಲಿಕುರ್ಚಿಯನ್ನು ಅವಲಂಬಿಸಿದವರಿಗೂ ಇದು ಹಳೆಯ ಹೊಸ್ತಿಲಿಗಿಂತ ಮೇಲೆಂದು ಹೇಳಲಾಗದು.

೩

ನಮ್ಮ ನಗರಗಳ ಮನೆಯ ಸ್ವರೂಪ ಬದಲಾದುದರಲ್ಲಿ ೧೮೯೮ರ ಪ್ಲೇಗಿನ ಪಾತ್ರ ದೊಡ್ಡದು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಕಾಲಿಟ್ಟ ಈ ವ್ಯಾಧಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ನೇರವಾದ ಬೀದಿಗಳೊಡನೆ, ಮನೆಗಳ ಹಿಂದೆ ಕಕ್ಕಸು ಶುಚಿಮಾಡುವವರು ಓಡಾಡುವ ಓಣಿಗಳೊಡನೆ ಬೆಳೆದುವು. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿ ಮಂಡಲಿ ಸ್ಥಾಪಿತವಾಯಿತು. ಗಾಳಿ, ಬೆಳಕು, ಚರಂಡಿಗಳ ವಿಷಯದಲ್ಲಿ ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಡಳಿತದ ದೃಷ್ಟಿಗೆ ಗೋಚರವಾದುದು ಬೀದಿಯ ಅಗಲ, ನಿವೇಶನದ ಉದ್ದಗಲ, ಗೋಡೆಗಳ ನಡುವಣ ಅಂತರ ಇತ್ಯಾದಿ. ಮನೆಯೊಳಗೆ ಕೈಕಾಲುಗಳಿಗೆ ತಗುಲುವ ಭಾಗಗಳು ಮೇಸ್ತ್ರಿಯ ವಾಡಿಕೆಗೆ ಬಿಟ್ಟುಹೋದುವು.

ನೆಲದ ಬೆಲೆ ಏರಿದಂತೆ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನದಲ್ಲಿ ಎರಡು ಮೂರು ಅಂತಸ್ತುಗಳು ಎದ್ದುವು. ಹಿಂದೆ ಅಟ್ಟಕ್ಕೆ ಮಾತ್ರ ಇದ್ದ ಏಣಿ ನಿತ್ಯೋಪಯೋಗದ ಮೆಟ್ಟಿಲಾಗಿ ಮಾರ್ಪಟ್ಟಿತು. ಮೆಟ್ಟಿಲನ್ನು ಕುರಿತ ಲೆಕ್ಕ ಹೊಸದಲ್ಲ. ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್ ೧೬೭೫ರಿಂದ ಪ್ರಕಟಿಸತೊಡಗಿದ ವಾಸ್ತುಶಿಲ್ಪದ ಪಾಠಗ್ರಂಥದಲ್ಲಿ ಒಂದು ಸೂತ್ರವನ್ನು ಹೇಳಿದ್ದಾನೆ: ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಪಾದವಿಡುವ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟು, ಅಂದರೆ ಫ್ರೆಂಚ್ ಮಾನದ ೨೪ ಅಂಗುಲದಷ್ಟು, ಆಗಬೇಕು. ಇದು ಸುಮಾರು ೬೫ ಸೆಂಟಿಮೀಟರಿಗೆ ಸಮ. ೧೯೭೦ರಲ್ಲಿ ಮೊದಲು ಹೊರಬಂದು ಅನಂತರ ಪರಿಷ್ಕೃತವಾದ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸಗೃಹದ ಮೆಟ್ಟಿಲಿನ ಎತ್ತರ ೧೯ ಸೆಂಟಿಮೀಟರನ್ನು ಮೀರಬಾರದೆಂದೂ ಪಾದವಿಡುವ ಅಗಲ ೨೫ ಸೆಂಟಿಮೀಟರಿಗೆ ಕಡಮೆಯಾಗಬಾರದೆಂದೂ ವಿಧಿಸುತ್ತದೆ. ಬ್ಲೊಂಡೆಲನ ಸೂತ್ರದಂತೆ ಇದರ ಮೊತ್ತ ೬೩.

ಹತ್ತು ಅಡಿ, ಅಂದರೆ ಸುಮಾರು ೩೦೫ ಸೆಂಟಿಮೀಟರ್, ಏರಬೇಕಾದರೆ ಈ ಪ್ರಕಾರ ಸುಮಾರು ೧೬ ಏರುಗಳೂ ಅವುಗಳ ನಡುವೆ ೧೫ ಪಾದಸ್ಥಾನಗಳೂ ಬೇಕು. ಒಂದೇ ನೇರದಲ್ಲಿ ಕಟ್ಟಿದರೆ ೩೭೫ ಸೆಂಟಿಮೀಟರ್ ಜಾಗ ಬೇಕು. ಜಾಗ ೩೦೦ ಸೆಂಟಿಮೀಟರ್ ಮಾತ್ರ ಇದ್ದರೆ ಮೇಸ್ತ್ರಿ ಏರುಗಳನ್ನು ೧೩ಕ್ಕೆ ಇಳಿಸುತ್ತಾನೆ. ಆಗ ಒಂದೊಂದರ ಎತ್ತರ ಇಪ್ಪತ್ತಮೂರೂವರೆಯಷ್ಟಾಗಿ, ಮೊತ್ತ ೭೨ಕ್ಕೆ ಏರುತ್ತದೆ. ಉಳಿದ ಆ ಎರಡೂವರೆ ಅಡಿ ಜಾಗದ ಬೆಲೆಯನ್ನು ಮಂಡಿಗಳು ಜೀವಮಾನವಿಡೀ ತೆರುತ್ತವೆ.

ಎತ್ತರಕ್ಕಿಂತಲೂ ಅಪಾಯಕರವಾದುದು ಎತ್ತರದ ಅಸಮತೆ. ನಾವು ಹಿಂದೆ ಬಾಡಿಗೆಗಿದ್ದ ಮನೆಯೊಂದರಲ್ಲಿ ಮೆಟ್ಟಿಲಿನ ತುದಿಯಲ್ಲಿ ಬಂದವರೆಲ್ಲರೂ ಎಡವುತ್ತಿದ್ದರು. ನಾವು ಅದನ್ನು ಅವರವರ ಅಜಾಗರೂಕತೆಯೆಂದು ಭಾವಿಸಿದ್ದೆವು. ನಮ್ಮ ತಾಯಿಯವರು ಅಲ್ಲಿ ಬಿದ್ದು ಮಣಿಕಟ್ಟನ್ನು ಮುರಿದುಕೊಂಡಾಗಲೂ ಮೊದಲು ದೂರಿದ್ದು ಅವರ ಕನ್ನಡಕವನ್ನು, ಅನಂತರ ಸೀರೆಯ ನೆರಿಗೆಯನ್ನು. ಕೊನೆಗೆ ಅಳೆದು ನೋಡಿದಾಗ ಉಳಿದ ಏರುಗಳೆಲ್ಲ ೧೮ ಸೆಂಟಿಮೀಟರ್ ಇದ್ದು, ಕೊನೆಯದು ಮಾತ್ರ ೨೨ ಇದ್ದಿತು. ಬುಡದ ಏರು ೧೪ ಇದ್ದಿತು. ಕಾರಣ ಸರಳವಾದುದು. ಕಾಂಕ್ರೀಟಿನ ಮೆಟ್ಟಿಲನ್ನು ಮೊದಲು ಸಮನಾಗಿ ಎರಕ ಹೊಯ್ದಿದ್ದರು. ತರುವಾಯ ಮೆಟ್ಟಿಲುಗಳ ಮೇಲೆ ತೆಳುವಾದ ಕಲ್ಲುಹಾಸನ್ನೂ ಎರಡು ಅಂತಸ್ತುಗಳ ನೆಲಕ್ಕೆ ಗಾರೆ ಸಹಿತವಾಗಿ ದಪ್ಪನೆಯ ಹಾಸನ್ನೂ ಹಾಕಿದರು. ಕೆಳಗಿನ ನೆಲ ಏರಿದುದರಿಂದ ಬುಡದ ಮೆಟ್ಟಿಲು ಗಿಡ್ಡವಾಯಿತು. ಮೇಲಿನ ನೆಲ ಏರಿದುದರಿಂದ ತುದಿಯದು ಎತ್ತರವಾಯಿತು. ಎರಡು ಮೂರು ಮೆಟ್ಟಿಲು ಏರುವಷ್ಟರಲ್ಲಿ ಕಾಲು ಆ ಎತ್ತರವನ್ನು ಕಲಿತು, ಮುಂದೆ ಕಣ್ಣಿನ ನೆರವಿಲ್ಲದೆ ನಡೆಯುತ್ತದೆ. ಕಲಿತ ಪಾಠ ಕೊನೆಯಲ್ಲಿ ಸುಳ್ಳಾದರೆ ಬೀಳುವುದು ಸಹಜ. ತಪ್ಪು ಕಟ್ಟಡದ್ದು, ಅಪವಾದ ಬಿದ್ದವರದು.

೪

ಒಲೆಕಟ್ಟೆಯ ವಿಷಯ ಇನ್ನೂ ಗಹನವಾದುದು. ನೆಲದ ಒಲೆಯ ಮುಂದೆ ಕುಳಿತು ಅಡುಗೆ ಮಾಡುವುದು ನಮ್ಮಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಇದರಲ್ಲಿ ಹೊಗೆಯ ಬಾಧೆ, ಮಂಡಿಗಳ ಆಯಾಸ, ಎಳೆಯ ಮಕ್ಕಳಿಗೆ ಬೆಂಕಿಯ ಭಯ ಎಲ್ಲವೂ ಇದ್ದುವು. ಅದನ್ನು ಹೊಗಳಿ ಪ್ರಯೋಜನವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸೀಮೆಯೆಣ್ಣೆಯ ಒಲೆ, ಅನಿಲದ ಒಲೆಗಳು ಬಂದು, ನಿಂತು ಅಡುಗೆ ಮಾಡುವ ಕಟ್ಟೆ ನಗರಗಳಲ್ಲಿ ಸಾಮಾನ್ಯವಾಯಿತು. ಆದರೆ ಕೆಲಸಗಳು ಹಲವಾಗಿದ್ದರೂ ಕಟ್ಟೆಯ ಎತ್ತರ ಒಂದೇ ಆಯಿತು.

ರಾಗಿಮುದ್ದೆಯನ್ನೇ ನೋಡೋಣ. ಕಟ್ಟೆಯ ಎತ್ತರ ೩೨ ಅಂಗುಲ, ಅಂದರೆ ೮೧ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಒಲೆ ೧೨, ಪಾತ್ರೆ ೨೦. ಪಾತ್ರೆಯ ಬಾಯಿ ನೆಲದಿಂದ ೧೧೩ ಸೆಂಟಿಮೀಟರ್ ಮೇಲಿರುತ್ತದೆ. ೧೫೨ ಸೆಂಟಿಮೀಟರ್ ಎತ್ತರದ ಹೆಂಗಸಿನ ಮೊಳಕೈ ಸುಮಾರು ೯೬ ಸೆಂಟಿಮೀಟರಿನ ಮಟ್ಟದಲ್ಲಿರುತ್ತದೆ. ಬಲವಾಗಿ ಅದುಮಿ ಮಾಡುವ ಕೆಲಸ ಮೊಳಕೈಗಿಂತ ೧೫ ಸೆಂಟಿಮೀಟರಾದರೂ ಕೆಳಗಿರಬೇಕೆಂಬುದು ಶ್ರಮವಿಜ್ಞಾನದಲ್ಲಿ ಮಾನ್ಯವಾದ ನಿಯಮ. ಇಲ್ಲಿ ಅದು ೧೭ ಸೆಂಟಿಮೀಟರ್ ಮೇಲಿದೆ. ಹಿಟ್ಟು ತೊಳಸುವ ಕೋಲನ್ನು ಹಿಡಿದ ಕೈಗಳು ಅದಕ್ಕಿಂತಲೂ ಮೇಲೇಳಬೇಕು. ದೇಹದ ಭಾರವನ್ನು ಕೋಲಿನ ಮೇಲೆ ಬಿಡಲು ಅವಕಾಶವಿಲ್ಲದೆ ಭುಜಗಳೇ ದುಡಿಯಬೇಕಾಗುತ್ತದೆ. ನೆಲದ ಮೇಲೆ ಪಾತ್ರೆಯಿಟ್ಟು ಕವೆಗೋಲಿನಿಂದ ಅದುಮಿ ಹಿಡಿದು ಹಿಟ್ಟು ತೊಳಸುವ ಪದ್ಧತಿಯಲ್ಲಿ ಈ ಕಷ್ಟವಿರಲಿಲ್ಲ. ಇಂದಿಗೂ ಅನೇಕ ಗೃಹಿಣಿಯರು ಅನಿಲದ ಒಲೆಯಿಂದ ಪಾತ್ರೆಯನ್ನಿಳಿಸಿ ನೆಲದ ಮೇಲಿಟ್ಟುಕೊಂಡೇ ಮುದ್ದೆ ತೊಳಸುತ್ತಾರೆ. ಇದನ್ನು ಹಳೆಯ ಅಭ್ಯಾಸವೆಂದು ನಗುವವರುಂಟು. ನಮ್ಮ ಅಭಿಪ್ರಾಯದಲ್ಲಿ ಅದು ಕಟ್ಟೆಯ ತಪ್ಪಳತೆಗೆ ಆಕೆ ಕಂಡುಕೊಂಡ ಪರಿಹಾರ.

ಹಾಗಾದರೆ ಅಡುಗೆಮನೆಯನ್ನು ಶಾಸ್ತ್ರೀಯವಾಗಿ ಅಳೆದು ಕಟ್ಟಿದರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಕೊಡಬಲ್ಲ ಪ್ರಯೋಗವೊಂದು ಜರ್ಮನಿಯಲ್ಲಿ ನಡೆದಿದೆ. ಮೊದಲನೆಯ ಮಹಾಯುದ್ಧದ ಅನಂತರ ತಲೆದೋರಿದ ಮನೆಗಳ ಅಭಾವವನ್ನು ನೀಗಿಸಲು ಫ್ರಾಂಕ್‌ಫರ್ಟ್ ನಗರ ಕೈಗೊಂಡ ಯೋಜನೆಯಲ್ಲಿ, ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಶಿಲ್ಪಿ ೧೯೨೬ರಲ್ಲಿ ಒಂದು ಅಡುಗೆಮನೆಯ ಮಾದರಿಯನ್ನು ರಚಿಸಿದಳು. ರೈಲುಗಾಡಿಯ ಊಟದ ಡಬ್ಬಿಯ ಅಡುಗೆಮನೆ ಆಕೆಗೆ ಮೇಲ್ಪಂಕ್ತಿಯಾಗಿದ್ದಿತು. ಅಗಲ ೧.೯ ಮೀಟರ್, ಉದ್ದ ೩.೪ ಮೀಟರ್, ಪ್ರತಿ ಹೆಜ್ಜೆಯನ್ನೂ ಲೆಕ್ಕಹಾಕಿ ಪ್ರತಿ ಸಾಮಾನಿಗೂ ಸ್ಥಾನ ಕಲ್ಪಿಸಿದ್ದಿತು. ಇಂತಹವು ಸುಮಾರು ೧೦,೦೦೦ ನಿರ್ಮಾಣವಾದುವು. ಗೃಹಿಣಿಯ ಶ್ರಮವನ್ನು ತಗ್ಗಿಸುವ ವಿಷಯದಲ್ಲಿ ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಇಬ್ಬರು ಕೂಡಿ ಕೆಲಸ ಮಾಡಲು ಜಾಗವಿರಲಿಲ್ಲ. ಒಬ್ಬಾಕೆ ಒಂಟಿಯಾಗಿ ದುಡಿಯುವುದನ್ನು ಆ ಮಾದರಿ ಮೊದಲೇ ನಿಶ್ಚಯಿಸಿಬಿಟ್ಟಿದ್ದಿತು. ಅದನ್ನು ರಚಿಸುವುದಕ್ಕೆ ಮುಂಚೆ ತಾನು ಮನೆವಾರ್ತೆಯನ್ನು ನಡೆಸಿದವಳಲ್ಲ, ಅಡುಗೆ ಮಾಡಿದವಳೂ ಅಲ್ಲ ಎಂದು ಲಿಹೊಟ್ಸ್ಕಿ ಮುಂದೆ ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಶಿಲ್ಪಿ ಹೆಂಗಸಾದ ಮಾತ್ರದಿಂದ ಅಥವಾ ಅಳತೆ ಸೂಕ್ಷ್ಮವಾದ ಮಾತ್ರದಿಂದ ತೊಡಕು ನೀಗುವುದಿಲ್ಲ. ಬಳಸುವವರನ್ನು ಕೇಳಬೇಕು ಎಂಬುದೇ ಇದರಿಂದ ತಿಳಿಯಬೇಕಾದ ಪಾಠ.

೫

ಕೊನೆಯದಾಗಿ ಸ್ನಾನದ ಮನೆಯ ಬಾಗಿಲನ್ನು ಕುರಿತು ಒಂದು ಮಾತು. ಸಣ್ಣ ಸ್ನಾನದ ಮನೆಯ ಬಾಗಿಲು ಒಳಕ್ಕೆ ತೆರೆಯುವಂತೆ ಇರುವುದು ನಮ್ಮಲ್ಲಿ ವಾಡಿಕೆ. ನೀರು ಬಾಗಿಲಿನಿಂದ ಆಚೆಗೆ ತೊಟ್ಟಿಕ್ಕುವುದಿಲ್ಲ, ಓಡಾಡುವ ದಾರಿಗೆ ಬಾಗಿಲು ಅಡ್ಡ ಬರುವುದಿಲ್ಲ ಎಂಬುದು ಇದಕ್ಕೆ ಕಾರಣ. ಆದರೆ ಒಳಗೆ ಜಾರಿ ಬಿದ್ದವರ ದೇಹವೇ ಬಾಗಿಲಿಗೆ ಒತ್ತಾಗಿ ನಿಂತರೆ ಹೊರಗಿನವರು ಅದನ್ನು ತೆರೆಯುವುದೆಂತು? ಅಗುಳಿ ಹಾಕದಿದ್ದರೂ ಬಾಗಿಲು ಬಗ್ಗದು. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಣಿಯನ್ನು ಜೋಡಿಸುವುದಕ್ಕೆ ಕಟ್ಟುವಾಗ ಹೆಚ್ಚಿನ ವೆಚ್ಚವಿಲ್ಲ. ಹಾಗೆ ಮಾಡೆಂದು ಹೇಳುವವರು ಬೇಕು, ಅಷ್ಟೆ.

ಮೇಲಿನ ನಿದರ್ಶನಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಹೊಸ್ತಿಲಿನಲ್ಲಿ ಕಾರಣ ಅಳಿದು ರೂಪ ಉಳಿಯಿತು. ಮೆಟ್ಟಿಲಿನಲ್ಲಿ ಜಾಗದ ಬೆಲೆ ಕಾಲಿನ ಬೆಲೆಯನ್ನು ಮೀರಿತು. ಒಲೆಕಟ್ಟೆಯಲ್ಲಿ ಹಲವು ಕೆಲಸಗಳಿಗೆ ಒಂದೇ ಅಳತೆ ಬಿದ್ದಿತು. ಮೂರರಲ್ಲಿಯೂ ಕಷ್ಟ ಅನುಭವಿಸಿದವರಿಗೆ ಅಳತೆಯ ಕೋಲು ದೊರೆಯಲಿಲ್ಲ, ಲೇಖನಿಯೂ ದೊರೆಯಲಿಲ್ಲ. ಆದುದರಿಂದಲೇ ಅವರ ಕಷ್ಟ ಕಟ್ಟಡದ ದೋಷವೆನಿಸದೆ ಅವರ ವಯಸ್ಸಿನ, ಅಭ್ಯಾಸದ ಅಥವಾ ಅಜಾಗರೂಕತೆಯ ದೋಷವೆನಿಸಿತು.

ಹಳೆಯ ಮನೆಗಳು ಅತಿ ಶೀಘ್ರವಾಗಿ ಕಣ್ಮರೆಯಾಗುತ್ತಿವೆ. ಅವುಗಳ ನಕ್ಷೆ, ಛಾಯಾಚಿತ್ರಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಅದರೊಡನೆ ಒಲೆಯ ಎತ್ತರ, ಹೊಸ್ತಿಲಿನ ಎತ್ತರ, ಮೆಟ್ಟಿಲಿನ ಒಂದೊಂದು ಏರು ಇವುಗಳನ್ನೂ ಅಳೆದು ಬರೆದುಕೊಳ್ಳಲಿ. ಆ ಮನೆಯಲ್ಲಿ ಬಾಳಿದ ವೃದ್ಧೆಯರನ್ನು, ಎಲ್ಲಿ ಏನು ನೋಯುತ್ತಿತ್ತೆಂದು ಕೇಳಲಿ. ಆ ಉತ್ತರಗಳು ಚರಿತ್ರೆಗೆ ಸಾಮಗ್ರಿಯಾಗುವುವು. ಹೊಸದಾಗಿ ಮನೆ ಕಟ್ಟಿಸುವವರಿಗೂ ಅವು ಉಪಯೋಗಕ್ಕೆ ಬಂದರೆ, ಚರಿತ್ರೆ ತೀರ ನಿಷ್ಪ್ರಯೋಜಕವಾದ ವ್ಯಾಸಂಗವೆಂಬ ಅಪವಾದವೂ ಕೊಂಚಮಟ್ಟಿಗೆ ತಪ್ಪಿದಂತಾಗುವುದು.