ಕತ್ತೆಯ ಕಸಕ್ಕೆ ಹಸುವಿನ ಲೆಕ್ಕ ಬೇಡ

ಕತ್ತೆ ಈದ ಮೇಲೆ ಕಸ (ಮಾಸು) ಬೀಳದಿದ್ದರೆ ನಾವು ಹಸುವಿನಂತೆ ಅರ್ಧ ದಿನ ಕಾಯುತ್ತೇವೆ. ಇದು ಅಪಾಯ. ಹಸುವಿನ ಕಸ ಅಂಗಿಯ ಗುಂಡಿ ಹಾಕಿದಂತೆ ಸುಮಾರು 70ರಿಂದ 120 ಕಡೆ ಮಾತ್ರ ಗರ್ಭಕೋಶಕ್ಕೆ ಅಂಟಿರುತ್ತದೆ. ಕತ್ತೆಯಲ್ಲಿ ಮಕಮಲ್ಲಿನಂಥ ಸಣ್ಣ ಕುಚ್ಚುಗಳು ಪೊರೆಯ ಮೈತುಂಬ ಇರುತ್ತವೆ. 3 ಗಂಟೆ ದಾಟಿದರೆ ಪಶುವೈದ್ಯರನ್ನು ಕರೆಸಿ. ಎಳೆಯಬೇಡಿ, ಕಲ್ಲು ಕಟ್ಟಬೇಡಿ; ಕಾಲಿಗೆ ಸಿಕ್ಕದಂತೆ ಮೇಲಕ್ಕೆ ಗಂಟು ಹಾಕಿ. ಸಣ್ಣ ತುಂಡು ಒಳಗುಳಿದರೂ ನಂಜೇರಿ, ಗೊರಸಿಗೆ ಬಾವು ಬಂದು ತಾಯಿ ಸಾಯಬಹುದು.

ಅಸಹ್ಯವೆನಿಸಿದರೂ, ಬಿದ್ದ ಕಸವನ್ನು ಹೂಳುವ ಮುನ್ನ ಹರಡಿ ನೋಡಿ. ಪೈಜಾಮದ ಕಾಲುಗಳಂತೆ ಎರಡು ಕೊಂಬು ಇರುತ್ತವೆ. ಎರಡರ ತುದಿಯೂ ಮುಚ್ಚಿರಬೇಕು. ಮರಿಯಿಲ್ಲದ ಸಣ್ಣ ಕೊಂಬಿನ ತುದಿಯೇ ಹೆಚ್ಚಾಗಿ ಹರಿದು ಒಳಗುಳಿಯುವುದು. ಅದು ಕಾಣದಿದ್ದರೆ ಕಸವನ್ನು ಬಕೆಟ್ಟಿನಲ್ಲಿಟ್ಟು ವೈದ್ಯರಿಗೆ ತೋರಿಸಿ.